ವಾಪಸ್ ತರುವ ಜಾಗ

"ನೋಡೋರು ಒಂದು ಸಲ ನೋಡ್ಕೊಂಡ್ಬಿಡಿ. ತಾತನ್ನ ಆಫ್ ಮಾಡ್ತಿದ್ದೀನಿ," ಎಂದು ಸೊಸೆ ಗುಂಡಿಯ ಮೇಲೆ ಬೆರಳಿಟ್ಟಳು. ಎದೆ ಹೊಡೆದುಕೊಳ್ಳುವ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸೀತು ಅನ್ನಿಸಿತು. ಅದು ಹೆದರಿಕೆಯಲ್ಲ, ಹುರುಪು. ಈ ಒಂದು ಬೆಳಗಿಗಾಗಿ ಅವಳು ವಾರಗಟ್ಟಲೆ ಕಾದಿದ್ದಳು, ಎಲ್ಲರನ್ನೂ ಕಾಡಿದ್ದಳು, ತಟ್ಟೆಯಲ್ಲಿನ ಊಟ ಆರಿ ತಣ್ಣಗಾಗುವ ತನಕ ವಾದ ಮಾಡಿದ್ದಳು.

ತಾತ ಎಂದರೆ ಮನುಷ್ಯನಲ್ಲ. ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದ ಅತಿ ಹಳೆಯ ಸರ್ವರ್. ಹಿಂದೆ ಪ್ಲಾಸ್ಟರ್ ಮೂಟೆಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ, ಮೇಜಿನ ಕೆಳಗೆ, ಹಗಲೂ ರಾತ್ರಿ ಗೊರ ಗೊರ ಎನ್ನುತ್ತ ಕೂತಿರುವ ಕಬ್ಬಿಣದ ಪೆಟ್ಟಿಗೆ. ಕಾಲು ಕಳೆದುಕೊಂಡು ಇಲ್ಲಿಗೆ ಬಂದವರೆಲ್ಲರ ಮೊಂಡುಗಾಲಿನ ಆಕಾರ ಅವನ ಹೊಟ್ಟೆಯಲ್ಲೇ ಇತ್ತು. ಅವನು ಹೇಳಿದ ಹಾಗೆ ಪಕ್ಕದ ಕೋಣೆಯ ಯಂತ್ರ ಫೋಮಿನ ದಿಮ್ಮಿಯನ್ನು ಕಡೆಯುತ್ತಿತ್ತು. ಕಡೆದ ದಿಮ್ಮಿಯ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಮೊಂಡುಗಾಲು ಕೂರುವ ಬಟ್ಟಲು ಸಿದ್ಧವಾಗುತ್ತಿತ್ತು. ಹೀಗಾಗಿ ತಾತನನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಧೂಳು ಹೊಡೆಯುವವಳು ಕೂಡ ಅವನೊಬ್ಬನನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸುತ್ತಿದ್ದಳು.

ಸೊಸೆಗೆ ಆ ಹೆಸರು ಬಂದದ್ದು ಅತ್ತೆಯಿಂದ. ಇಲ್ಲಿ ಅಚ್ಚು ತಿದ್ದುವ ಹೆಂಗಸಿನ ಮಗನನ್ನು ಮದುವೆಯಾಗಿ, ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿಗೇ ಬಂದು ಸೇರಿದ ಮೇಲೆ, ಅವಳ ಸ್ವಂತ ಹೆಸರು ಕುತ್ತಿಗೆಯ ಬಿಲ್ಲೆಯಲ್ಲಷ್ಟೇ ಉಳಿಯಿತು. ಕಾರ್ಯಾಗಾರದ ಮುಖ್ಯಸ್ಥರಾದ ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರೂ ಇವಳನ್ನು ಸೊಸೆ ಎಂದರು, ಗಂಡನ ತಾಯಿಯನ್ನು ಅತ್ತೆ ಎಂದರು. ಕಾರ್ಯಾಗಾರಕ್ಕೆ ಕಾರ್ಯಾಗಾರವೇ ಅವರ ಮನೆಯ ನೆಂಟಸ್ತನ ಬೆಳೆಸಿಬಿಟ್ಟಿತ್ತು.

ಬಂದವಳೇ ಸೊಸೆ ಮಾಡಿದ ಮೊದಲ ಕೆಲಸ ಬ್ಯಾಕಪ್. ಹೊಸದಾಗಿ ತರಿಸಿದ ದೊಡ್ಡ ಸರ್ವರ್‌ನ ಕೆಲಸ ಸಲೀಸಾಗಿತ್ತು. ಅದರೊಳಗೆ ಮೂರು ವರ್ಚುವಲ್ ಸರ್ವರ್‌ಗಳು, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಬಾಡಿಗೆದಾರರ ಹಾಗೆ, ಒಬ್ಬರ ಗೊಡವೆ ಒಬ್ಬರಿಗಿಲ್ಲದೆ ಬದುಕಿದ್ದವು. ರಾತ್ರಿ ಅವುಗಳನ್ನು ಇದ್ದ ಹಾಗೇ ನಕಲು ಮಾಡಿ ಬೇರೆ ಕಟ್ಟಡದಲ್ಲಿಟ್ಟರೆ ಆಯಿತು. ತಾತ ಮಾತ್ರ ಸ್ವಂತ ಮನೆಯವನು, ಹಠಮಾರಿ. ಅವನೊಳಗಿನದ್ದನ್ನು ಪ್ರತಿರಾತ್ರಿ ನಕಲು ಮಾಡುವ ಪ್ರೋಗ್ರಾಂ ಒಂದನ್ನು ಹಾಕಿ ಪಳಗಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು.

"ನಕಲಾಗ್ತಿದೆ ಅಂತೀಯ. ಅಷ್ಟು ಸಾಕಲ್ಲ, ಬಿಡು," ಎಂದಿದ್ದರು ಡಾಕ್ಟರು.

"ವಾಪಸ್ ತಂದು ನೋಡೋ ತನಕ ಅದು ನಕಲೋ ಬರೀ ಸಮಾಧಾನವೋ ಗೊತ್ತಾಗಲ್ಲ ಡಾಕ್ಟ್ರೇ. ಒಂದು ಸಲ ರಿಸ್ಟೋರ್ ಮಾಡಿ ನೋಡ್ಲೇಬೇಕು. ತಾತ ಇನ್ನೆಷ್ಟು ದಿನ ಇರ್ತಾನೆ?"

ರಿಸ್ಟೋರ್, ರಿಸ್ಟೋರ್. ಕಾರ್ಯಾಗಾರದಲ್ಲಿ ಅದೇ ಮಾತು, ಮನೆಯಲ್ಲಿ ಅದೇ ಮಾತು. ನಿದ್ದೆಯಲ್ಲೂ ಅದನ್ನೇ ಬಡಬಡಿಸಿದಳೆಂದು ಗಂಡ ಬೆಳಗ್ಗೆ ತಾಯಿಯ ಹತ್ತಿರ ದೂರು ಹೇಳಿದ್ದ. ಕಾಟ ತಡೆಯಲಾರದೆ ಡಾಕ್ಟರು ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು. ತಾವು ಊಟಕ್ಕೆ ಏಳುವುದರೊಳಗೆ ತಾತ ಹೊಸ ಸರ್ವರ್‌ನೊಳಗೆ ನಾಲ್ಕನೆಯ ಬಾಡಿಗೆದಾರನಾಗಿ ಎದ್ದು ಕೂರಬೇಕು, ಅವನಿಂದ ಒಬ್ಬರ ಕಾಲಿನ ಅಚ್ಚು ಕಡೆಸಿ ತೋರಿಸಬೇಕು. ಆಗಲಿಲ್ಲವೋ, ತಾತ ಮತ್ತೆ ಅವನ ಜಾಗಕ್ಕೆ. ಆಮೇಲೆ ಈ ಸುದ್ದಿ ಯಾರೂ ಎತ್ತಬಾರದು.

ಗುಂಡಿ ಒತ್ತಿದಳು. ಗೊರಗೊರ ಇಳಿಯುತ್ತ ಇಳಿಯುತ್ತ ನಿಂತಿತು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಹೊರಗೆ ಯಾರೋ ಊರುಗೋಲು ಊರಿಕೊಂಡು ಹೋಗುವ ಸದ್ದು ಕೇಳಿಸಿತು.

"ಇಷ್ಟು ವರ್ಷ ಇವನು ಇಷ್ಟೊಂದು ಗಲಾಟೆ ಮಾಡ್ತಿದ್ನಾ?" ಎಂದರು ಅತ್ತೆ. ಅವರು ಕೈಕಟ್ಟಿ ಗೋಡೆಗೊರಗಿ ನಿಂತಿದ್ದರು. ಕಡೆಯುವ ಯಂತ್ರ ನಡೆಸುವ ಯಂತ್ರದಣ್ಣ ಸತ್ತವರ ಮುಂದೆ ನಿಲ್ಲುವವರ ಹಾಗೆ ತಲೆಯ ಟೋಪಿ ತೆಗೆದ. ಸೊಸೆಗೆ ನಗು ತಡೆಯಲಾಗಲಿಲ್ಲ.

ಆಮೇಲಿನ ಕೆಲಸ ಅವಳ ಲೋಕದ್ದು. ಕೀಲಿಮಣೆಯ ಮೇಲೆ ಬೆರಳು ಓಡಿದವು. ರಾತ್ರಿಯ ನಕಲನ್ನು ಕರೆದಳು, ಹೊಸ ಸರ್ವರ್‌ನಲ್ಲಿ ಜಾಗ ತೋರಿಸಿದಳು, ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಪಟ್ಟಿ ಅರ್ಧಕ್ಕೆ ಬಂದು ನಿಂತಾಗ ಉಸಿರು ಹಿಡಿದಳು, ಮುಂದೆ ಸರಿದಾಗ ಬಿಟ್ಟಳು. ಡಾಕ್ಟರು ಹೊರಗೆ ಹೋಗಿ ರೋಗಿಯೊಬ್ಬರನ್ನು ನೋಡಿ ಬಂದರು, ಮತ್ತೆ ಹೋಗಿ ಬಂದರು. ಪಟ್ಟಿ ತುಂಬಿತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಅಷ್ಟರಲ್ಲಿ, ತಾತನ ಪರದೆಯ ಮೇಲೆ ಯಾರೋ ಯಾವ ಕಾಲದಲ್ಲೋ ಹಾಕಿಟ್ಟಿದ್ದ ಹಳದಿ ಹೂವಿನ ಚಿತ್ರ ಹಾಗೇ, ಅದೇ ಜಾಗದಲ್ಲಿ, ಅರಳಿ ನಿಂತಿತು.

"ಎದ್ದ," ಎಂದಳು ಸೊಸೆ. ಕೂತಲ್ಲಿ ಕೂರಲಾಗದೆ ಎದ್ದು ಒಂದು ಸುತ್ತು ತಿರುಗಿದಳು. ಯಂತ್ರದಣ್ಣ ತನ್ನ ಕೋಣೆಗೆ ಓಡಿ, "ನನ್ನ ಯಂತ್ರಕ್ಕೆ ತಾತ ಕಾಣಿಸ್ತಿದ್ದಾನೆ, ಏನೂ ವ್ಯತ್ಯಾಸವೇ ಗೊತ್ತಾಗ್ತಿಲ್ಲ," ಎಂದು ಅಲ್ಲಿಂದಲೇ ಕೂಗಿದ. ಡಾಕ್ಟರು ಹುಬ್ಬೇರಿಸಿದರು. ಅವರ ಮಟ್ಟಿಗೆ ಅದು ಚಪ್ಪಾಳೆ ಇದ್ದ ಹಾಗೆ.

"ಸರಿ. ಇವತ್ತು ಯಾರ ಕಾಲಿದೆ?"

ಬ್ರೆಡ್ಡಿನವನದು. ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವ ಮನುಷ್ಯ. ಮೈ ಇಳಿದು ಹಳೆಯ ಬಟ್ಟಲು ಸಡಿಲವಾಗಿ, ನಿಂತರೆ ಒಳಗೆ ಉಜ್ಜಿ ಗಾಯವಾಗುತ್ತಿತ್ತು. ಮೊನ್ನೆ ಸ್ಕ್ಯಾನ್ ಮಾಡಿದ್ದರು. ಅತ್ತೆ ಎರಡು ದಿನ ಕೂತು ಅವನ ಅಚ್ಚು ತಿದ್ದಿದ್ದರು. ಸ್ಕ್ಯಾನರ್ ಕೊಡುವುದು ಬರೀ ಮೇಲ್ಮೈ. ಎಲ್ಲಿ ಮೂಳೆ ಒತ್ತುತ್ತದೆ, ಅಲ್ಲಿ ಎಷ್ಟು ಜಾಗ ಬಿಡಬೇಕು, ಎಲ್ಲಿ ಮಾಂಸ ಭಾರ ತಡೆಯುತ್ತದೆ, ಅಲ್ಲಿ ಎಷ್ಟು ಬಿಗಿ ಮಾಡಬೇಕು ಎಂಬುದು ಅತ್ತೆಯ ತಿದ್ದುಪಡಿ. ಅದಿಲ್ಲದ ಬಟ್ಟಲಿನಲ್ಲಿ ಕಾಲಿಟ್ಟವರು ಮಾರನೆಯ ದಿನವೇ ಕುಂಟುತ್ತ ವಾಪಸು ಬರುತ್ತಿದ್ದರು. ಬ್ರೆಡ್ಡಿನವನು ಈಗ ಹೊರಗಿನ ಬೆಂಚಿನಲ್ಲಿ ಊರುಗೋಲು ಒರಗಿಸಿಕೊಂಡು ಕಾಯುತ್ತಿದ್ದ.

ಅತ್ತೆ ಕುರ್ಚಿ ಎಳೆದು ಕೂತರು. ಕನ್ನಡಕ ಹಾಕಿಕೊಂಡರು. ಮೌಸ್ ಹಿಡಿದು ನೇರವಾಗಿ ಪರದೆಯ ಮೂಲೆಯ ಕಸದ ಬುಟ್ಟಿಗೆ ಹೋಗಿ ಎರಡು ಸಲ ಒತ್ತಿದರು. ಬುಟ್ಟಿ ತೆರೆಯಿತು. ಒಳಗೆ ಏನೂ ಇರಲಿಲ್ಲ.

"ನನ್ನ ಕಾಲುಗಳೆಲ್ಲ ಎಲ್ಲಿ ಹೋದ್ವೇ?" ಎಂದರು ಅತ್ತೆ.

"ಅತ್ತೆ, ಅದು ಕಸದ ಬುಟ್ಟಿ."

"ಗೊತ್ತು ಕಣೇ. ತಿದ್ದಿದ ಅಚ್ಚೆಲ್ಲ ಇದರಲ್ಲೇ ಇತ್ತು. ಎಲ್ಲಿ?"

ಸೊಸೆ ಪರದೆಯ ಹತ್ತಿರ ಬಗ್ಗಿದಳು. "ಕಸದ ಬುಟ್ಟೀಲಿ ಯಾಕಿಟ್ರಿ?"

"ಬೇರೆ ಎಲ್ಲಿಡ್ಬೇಕಿತ್ತು? ಹೊರಗಿಟ್ರೆ ಒಬ್ಬರಲ್ಲ ಒಬ್ಬರು ತೆಗೆದು ನೋಡ್ತಾರೆ, ಗೊತ್ತಿಲ್ಲದೆ ಎಳೆದಾಡಿ ಸೇವ್ ಮಾಡ್ಬಿಡ್ತಾರೆ. ಮೊದಲು ಹಾಗೇ ಎರಡು ಸಲ ಆಗಿತ್ತು. ಕಸಕ್ಕೆ ಯಾರೂ ಕೈ ಹಾಕಲ್ಲ. ಅದೂ ಅಲ್ದೆ, ಇಡೀ ಕಂಪ್ಯೂಟರಿನಲ್ಲಿ ರಿಸ್ಟೋರ್ ಅಂತ ಬರೆದಿರೋದು ಇದೊಂದರಲ್ಲೇ. ಅದನ್ನ ಒತ್ತಿದ್ರೆ ಅಚ್ಚು ವಾಪಸ್ ಬರುತ್ತೆ. ಕೆಲಸ ಆದ್ಮೇಲೆ ಮತ್ತೆ ಹಾಕ್ತೀನಿ. ವಾಪಸ್ ತರೋ ಜಾಗ ಅಂತ ತಾನೆ ಅದರರ್ಥ?" ಅತ್ತೆ ಕನ್ನಡಕದ ಮೇಲಿನಿಂದ ಸೊಸೆಯನ್ನು ನೋಡಿದರು. "ನೀನೂ ಮನೇಲಿ ಮೂರು ಹೊತ್ತೂ ರಿಸ್ಟೋರ್ ರಿಸ್ಟೋರ್ ಅಂತಿದ್ಯಲ್ಲ. ಪರವಾಗಿಲ್ಲ, ನಾನು ಮಾಡ್ತಿರೋದನ್ನೇ ಇವಳೂ ಮಾಡ್ತಿದ್ದಾಳೆ ಅಂದ್ಕೊಂಡೆ."

ಸೊಸೆಯ ಮುಖದ ನೀರಿಳಿಯಿತು. ನಕಲಿನ ಪ್ರೋಗ್ರಾಂ ಹಾಕುವಾಗ ಅದು, ಬೇಡದ್ದನ್ನೆಲ್ಲ ಬಿಡಲೇ ಎಂದು ಕೇಳಿತ್ತು. ಕಸದ ಬುಟ್ಟಿಯ ಎದುರಿನ ಚೌಕದಲ್ಲಿ ಟಿಕ್ ಹಾಕಿದವಳು ತಾನೇ. ಕಸ ಹೊತ್ತುಕೊಂಡು ಹೋಗಿ ಇನ್ನೊಂದು ಕಟ್ಟಡದಲ್ಲಿ ಯಾರು ಜೋಪಾನ ಮಾಡುತ್ತಾರೆ? ಹಾಗೆ ಬಿಟ್ಟಿದ್ದರಿಂದ ಎಷ್ಟು ಜಾಗ ಉಳಿಯಿತು ನೋಡಿ ಎಂದು ಅವತ್ತು ರಾತ್ರಿ ಊಟದ ಹೊತ್ತಿಗೆ ಜಂಬ ಕೊಚ್ಚಿಕೊಂಡಿದ್ದಳು ಬೇರೆ. ಎದುರಿಗೇ ಕೂತು ಅತ್ತೆ ತಲೆಯಾಡಿಸಿದ್ದರು.

"ತಾತನ ಹತ್ರ ಇದೆಯಲ್ಲ, ಅವನನ್ನೇ ಎಬ್ಬಿಸು," ಎಂದರು ಡಾಕ್ಟರು.

ಅವಳು ಆಗಲೇ ಮೇಜಿನ ಕೆಳಗೆ ತೂರಿದ್ದಳು. ಗುಂಡಿ ಒತ್ತಿದಳು. ದೀಪ ಹತ್ತಿತು. ಒಳಗಿನಿಂದ ಟಕ್ ಎಂದಿತು, ಸುಮ್ಮನಾಯಿತು. ಮತ್ತೆ ಟಕ್. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕು, ಒಮ್ಮೆ ಸುಧಾರಿಸಿಕೊಂಡ ಮೇಲೆ ಇನ್ನು ಏಳಲೊಲ್ಲೆ ಎನ್ನುತ್ತಿತ್ತು. ಮೂರನೆಯ ಸಲಕ್ಕೆ ಟಕ್ ಕೂಡ ಕೇಳಿಸಲಿಲ್ಲ. ಅವಳು ಮೇಜಿನ ಕೆಳಗೆ ಹಾಗೇ ಕುಕ್ಕರುಗಾಲಲ್ಲಿ ಕೂತಳು. ಮೂಗಿನ ತುಂಬ ಹಳೆಯ ಪ್ಲಾಸ್ಟರಿನ ವಾಸನೆ. ಅತ್ತೆ ಇಷ್ಟು ವರ್ಷ ತಿದ್ದಿದ ಕಾಲುಗಳು, ಒಂದೊಂದರ ಹಿಂದೆಯೂ ನಡೆದಾಡುತ್ತಿರುವ ಒಬ್ಬೊಬ್ಬ ಮನುಷ್ಯ. ಬಟ್ಟಲು ಸವೆದಾಗ, ಒಡೆದಾಗ, ಅವರೆಲ್ಲ ವಾಪಸು ಬರುತ್ತಾರೆ. ಬಂದಾಗ ಅತ್ತೆ ಬುಟ್ಟಿ ತೆರೆದು ಖಾಲಿ ಬುಟ್ಟಿಯನ್ನು ನೋಡಬೇಕು. ಮಾಡಿದ್ದು ತಾನು. ಎಲ್ಲರೂ ಬೇಡವೆಂದ ಕೆಲಸವನ್ನು ಹಟ ಹಿಡಿದು ಮಾಡಿದವಳು ತಾನು.

"ಏಳೇ, ಬಟ್ಟೆಯೆಲ್ಲ ಬಿಳಿ ಆಯ್ತು," ಎಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು. ದನಿ ಒಡೆದಿತ್ತು.

ಆಗ ಸೊಸೆಗೆ ನೆನಪಾಯಿತು. ನೆನಪಾದ ರಭಸಕ್ಕೆ ಏಳಲು ಹೋಗಿ ಮೇಜಿಗೆ ತಲೆ ಹೊಡೆಸಿಕೊಂಡಳು. "ಪೂರ್ತಿ ಅಚ್ಚು," ಎಂದಳು, ತಲೆ ಉಜ್ಜಿಕೊಳ್ಳುತ್ತ. "ಪೂರ್ತಿ ಅಚ್ಚು ತೆಗೆದಿದ್ದೆ."

"ಯಾರದ್ದು?"

"ತಾತಂದು. ಹೋದ ತಿಂಗಳು. ರಾತ್ರಿಯ ನಕಲು ಶುರು ಮಾಡೋಕ್ಕಿಂತ ಮುಂಚೆ, ಏನಿದೆ ಏನಿಲ್ಲ ಅಂತ ನೋಡದೆ ಇಡೀ ಡಿಸ್ಕನ್ನ ಹಾಗೇ ಇನ್ನೊಂದಕ್ಕೆ ಇಳಿಸಿದ್ದೆ. ಅದರಲ್ಲಿ ಬುಟ್ಟೀನೂ ಇರುತ್ತೆ."

"ಎಲ್ಲಿದೆ ಅದು?" ಎಂದರು ಡಾಕ್ಟರು.

ಸೊಸೆ ಉತ್ತರ ಹೇಳುವ ಬದಲು ಓಡಿದಳು. ಇನ್ನು ಇದು ಬೇಡ, ರಾತ್ರಿಯ ನಕಲು ಇದೆಯಲ್ಲ ಎಂದು, ಆ ಡಿಸ್ಕನ್ನು ಹೋದ ವಾರವಷ್ಟೇ ನಡಿಗೆ ಕಲಿಸುವ ಟೀಚರಿಗೆ ಕೊಟ್ಟುಬಿಟ್ಟಿದ್ದಳು. ರೋಗಿಗಳು ನಡೆಯುವ ವಿಡಿಯೋ ಇಟ್ಟುಕೊಳ್ಳಲು ಟೀಚರು ಕೇಳಿದ್ದರು. ಅಂಗಳ ದಾಟಿ, ಮೆಟ್ಟಿಲು ಹಾರಿ, ನಡಿಗೆಯ ಹಜಾರಕ್ಕೆ ನುಗ್ಗಿದಾಗ ಅಲ್ಲಿ ಎರಡು ಸರಳುಗಳ ನಡುವೆ ಮುದುಕರೊಬ್ಬರು ಹೊಸ ಕಾಲಿನ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದರು.

"ಓಡೋಕೆ ಪುಣ್ಯ ಮಾಡಿರ್ಬೇಕು," ಎಂದರು ಮುದುಕರು ನಿಂತು.

"ಟೀಚರ್, ಆ ಡಿಸ್ಕು. ಅದರಲ್ಲಿ ವಿಡಿಯೋ ಹಾಕಿದ್ರಾ?"

ಟೀಚರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿದರು. "ಇಲ್ಲಮ್ಮ, ಬೇಜಾರು ಮಾಡ್ಕೋಬೇಡ. ಸಿಕ್ಕಿಸಿದ ಕೂಡಲೇ ಅದೇನೋ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು. ಹೆದರಿ ಕಿತ್ತು ಡ್ರಾಯರಿನಲ್ಲಿಟ್ಟೆ. ನಿನ್ನ ಕೇಳೋಣ ಅಂದ್ರೆ ನೀನು ಬರೀ ರಿಸ್ಟೋರ್ ಗಲಾಟೇಲಿದ್ದೆ."

ಸೊಸೆ ಟೀಚರನ್ನು ತಬ್ಬಿಕೊಂಡೇಬಿಟ್ಟಳು. ವಾಪಸು ಓಡುವಾಗ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಿದ್ದಳು. ಮೆಟ್ಟಿಲುಗಳನ್ನು ಈ ಸಲ ಹಾರಲಿಲ್ಲ, ಒಂದೊಂದಾಗಿ ಇಳಿದಳು.

ಹೊಸ ಸರ್ವರ್‌ಗೆ ಡಿಸ್ಕು ಸಿಕ್ಕಿಸಿ, ಬಂದ ಪ್ರಶ್ನೆಗೆಲ್ಲ ಬೇಡ ಬೇಡ ಎಂದು ಉತ್ತರಿಸಿ, ಅಚ್ಚನ್ನು ತೆರೆದಳು. ಅತ್ತೆ ಅವಳ ಹೆಗಲ ಮೇಲೆಯೇ ಗಲ್ಲ ಊರುವಷ್ಟು ಹತ್ತಿರ ಬಗ್ಗಿದ್ದರು. ಬುಟ್ಟಿ ಸಿಕ್ಕಿತು. ಒತ್ತಿದಳು. ಮೊದಲು ಒಂದು ಹೆಸರು, ಆಮೇಲೆ ಹತ್ತು, ಆಮೇಲೆ ಪರದೆ ತುಂಬಿ ಕೆಳಕ್ಕೆ ಹರಿಯತೊಡಗಿದವು.

"ಇದು ಸೈಕಲ್ ಹುಡುಗಿ," ಎಂದರು ಅತ್ತೆ. "ಇದು ಬಡಗಿ. ಇದು ಆ ಅಣ್ಣತಮ್ಮಂದಿರಲ್ಲಿ ದೊಡ್ಡವನು. ಇದು, ಅಯ್ಯೋ, ಈಯಮ್ಮನಿಗೆ ಎಷ್ಟು ಸಲ ತಿದ್ದಿದೀನಿ, ಒಂದು ಸಲಾನೂ ಸರಿ ಇದೆ ಅಂದವಳಲ್ಲ." ಅವರ ಬೆರಳು ಪರದೆಯ ಮೇಲೆ ಒಂದೊಂದು ಹೆಸರನ್ನೂ ಮುಟ್ಟಿ ಮುಟ್ಟಿ ಇಳಿಯುತ್ತಿತ್ತು. ಯಂತ್ರದಣ್ಣ ಟೋಪಿ ಮತ್ತೆ ಹಾಕಿಕೊಂಡ. ಸೊಸೆಗೆ ಕಣ್ಣು ಮಂಜಾಗಿ ಏನೂ ಕಾಣಿಸದೆ, ನಗುತ್ತಲೇ ಮೂಗೊರೆಸಿಕೊಂಡಳು. ಇಷ್ಟು ಖುಷಿ ಅವಳಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಅದನ್ನು ಗಂಡನಿಗೆ ಹೇಳುವಂತಿರಲಿಲ್ಲ.

ತಡಮಾಡದೆ ಅವಳು ಒಂದು ಹೊಸ ಫೋಲ್ಡರ್ ಮಾಡಿ, ಅತ್ತೆಯ ಹೊರತು ಬೇರೆ ಯಾರೂ ತೆರೆಯಲಾಗದಂತೆ ಬೀಗ ಹಾಕಿ, ಎಲ್ಲವನ್ನೂ ಅಲ್ಲಿಗೆ ತುಂಬಿದಳು. ಹೆಸರೇನಿಡಲಿ ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ವಾಪಸ್ ತರುವ ಜಾಗ ಎಂದು ಬರೆದಳು. ಆಮೇಲೆ ಹೋಗಿ ಆ ಟಿಕ್ಕನ್ನೂ ತೆಗೆದು ಬಂದಳು.

"ಬ್ರೆಡ್ಡಿನವನದು ಕಾಣಿಸ್ತಿಲ್ಲ," ಎಂದರು ಅತ್ತೆ.

ಕಾಣಿಸುವುದು ಹೇಗೆ? ಪೂರ್ತಿ ಅಚ್ಚು ಹೋದ ತಿಂಗಳಿನದು, ಬ್ರೆಡ್ಡಿನವನು ಬಂದದ್ದು ಮೊನ್ನೆ. ಸ್ಕ್ಯಾನ್ ಮಾಡಿದ ಆಕಾರ ರಾತ್ರಿಯ ನಕಲಿನಲ್ಲಿ ಭದ್ರವಾಗಿತ್ತು. ತಿದ್ದಿದ್ದು ಮಾತ್ರ ತಾತನ ಜೊತೆಗೇ ಹೋಗಿತ್ತು. ಈ ನಡುವೆ ತಿದ್ದಿದ ಉಳಿದವರ ಅಚ್ಚುಗಳೂ ಹೋಗಿದ್ದವು, ಆದರೆ ಅವರ ಬಟ್ಟಲುಗಳು ಆಗಲೇ ತಯಾರಾಗಿದ್ದವು. ಈ ಗಲಾಟೆಗೆ ಬ್ರೆಡ್ಡಿನವನೇ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದಿದ್ದ.

"ಅಮ್ಮಾ, ನನ್ನ ಕಾಲನ್ನ ಕಸಕ್ಕೆ ಹಾಕಿದ್ರಂತೆ?"

"ಹಾಕಿದ್ದು ನಾನಪ್ಪ, ಎಸೆದದ್ದು ಇವಳು," ಎಂದರು ಅತ್ತೆ.

ಸೊಸೆ ಗೋಡೆಯ ಗಡಿಯಾರ ನೋಡಿದಳು. ಊಟದ ಹೊತ್ತು ಯಾವಾಗಲೋ ಮೀರಿತ್ತು. ಅವಳು ಡಾಕ್ಟರ ಕಡೆ ತಿರುಗಿ, "ಆಗಲಿಲ್ಲ ಡಾಕ್ಟ್ರೇ," ಎಂದಳು. "ಷರತ್ತು ಷರತ್ತೇ. ಕಾಲು ಕಡೆಯೋಕಾಗಲಿಲ್ಲ."

ಡಾಕ್ಟರು ಮೇಜಿನ ಕೆಳಗೊಮ್ಮೆ ಬಗ್ಗಿ ತಾತನನ್ನು ನೋಡಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಬಾಗಿಲ ಪಕ್ಕ ಕೂತರು. "ನಾನಿನ್ನೂ ಊಟಕ್ಕೆ ಎದ್ದಿಲ್ಲ," ಎಂದರು. "ಹಸಿವಾಗ್ತಿದೆ, ಬೇಗ ಮಾಡಿ."

ಯಂತ್ರದಣ್ಣ ಹೊಸ ದಿಮ್ಮಿ ಬಿಗಿಯಲು ಓಡಿದ. ಸೊಸೆ ಸ್ಕ್ಯಾನಿನ ಆಕಾರವನ್ನು ಪರದೆಗೆ ತಂದು ಕುರ್ಚಿ ಬಿಟ್ಟುಕೊಟ್ಟಳು. ಬ್ರೆಡ್ಡಿನವನು ಅತ್ತೆಯ ಎದುರಿನ ಬೆಂಚಿನಲ್ಲಿ ಕೂತು ಪ್ಯಾಂಟು ಮಡಿಸಿ ಮೊಂಡುಗಾಲು ಚಾಚಿದ. ಮಂಡಿಯ ಕೆಳಗೆ ಒಂದು ಗೇಣು ಮಾತ್ರ ಉಳಿದಿತ್ತು. ತುದಿಯಲ್ಲಿ ಚರ್ಮ ತಿಳಿಗೆಂಪಾಗಿತ್ತು.

"ಎರಡು ದಿನದ ಕೆಲಸ ಅತ್ತೆ," ಎಂದಳು ಸೊಸೆ ಮೆಲ್ಲಗೆ.

"ಎರಡು ದಿನ ಹಿಡಿದದ್ದು ಯೋಚನೆ ಮಾಡೋಕೆ. ತಿದ್ದೋಕೆ ಎಷ್ಟು ಹೊತ್ತು?"

ಅತ್ತೆಯ ಎಡಗೈ ಮೊಂಡುಗಾಲಿನ ಮೇಲೆ, ಬಲಗೈ ಮೌಸಿನ ಮೇಲೆ. ಒಂದು ಕಡೆ ಒತ್ತುತ್ತಿದ್ದರು, ಇನ್ನೊಂದು ಕಡೆ ಪರದೆಯ ಮೇಲಿನ ಆಕಾರ ತಗ್ಗುತ್ತಿತ್ತು. ಮಂಡಿಚಿಪ್ಪಿನ ಕೆಳಗಿನ ಸ್ನಾಯು, ಒಳಬದಿ, ಹಿಂಬದಿ. ಕೆಲಸ ಎಷ್ಟು ಚುರುಕಾಗಿ ಸಾಗಿತೆಂದರೆ, "ನಿಮಗೆ ಬೇಕರಿಯಲ್ಲಿ ಹಿಟ್ಟು ನಾದೋ ಕೆಲಸ ಕೊಡ್ತೀನಮ್ಮಾ," ಎಂದು ಬ್ರೆಡ್ಡಿನವನು ನಕ್ಕ. ಅತ್ತೆಯೂ ನಕ್ಕರು. ಹೊರಬದಿಗೆ ಬಂದಾಗ ಅವರ ಕೈ ನಿಂತಿತು. ಒತ್ತಿದರು, ಸ್ವಲ್ಪ ಸರಿಸಿ ಮತ್ತೆ ಒತ್ತಿದರು. ಕಣ್ಣು ಮುಚ್ಚಿದರು.

"ಇಲ್ಲಿ ಮೊನ್ನೆ ಏನೋ ಮಾಡಿದ್ದೆ," ಎಂದರು. "ಏನು ಮಾಡಿದ್ದೆ ಅಂತ ನೆನಪಾಗ್ತಿಲ್ಲ."

ಅತ್ತೆಯ ಬೆರಳು ಹೊರಬದಿಯಲ್ಲೇ ಮೇಲೆ ಕೆಳಗೆ ತಡಕಾಡಿ, ಒಂದು ಕಡೆ ನಿಂತು, ಹಾಗೇ ಒತ್ತಿ ಹಿಡಿಯಿತು. ಅವರ ಮುಖ ಸಡಿಲವಾಯಿತು. ಅಲ್ಲಿ ಬಟ್ಟಲು ಒತ್ತದಂತೆ ಪರದೆಯ ಮೇಲೆ ಒಂದು ಸಣ್ಣ ಉಬ್ಬು ಎಬ್ಬಿಸಿದರು, ಸ್ವಲ್ಪ ತಗ್ಗಿಸಿದರು, ಬಿಟ್ಟರು. ಕೆಲಸ ಮುಗಿದಿತ್ತು. ಸೊಸೆ ಅದನ್ನು ಉಳಿಸಲು ಬಗ್ಗಿದಳು. ಅತ್ತೆ ಎಡಗೈಯನ್ನು ಮಾತ್ರ ತೆಗೆಯದೆ, ಅದನ್ನೇ ನೋಡುತ್ತ ಕೂತಿದ್ದರು.

"ಕೈ ತಾರೇ ಇಲ್ಲಿ," ಎಂದರು.

"ನಂದಾ?"

"ಇನ್ಯಾರದು?"

ಅವಳ ಮುಂಗೈ ಹಿಡಿದೆಳೆದು, ತಮ್ಮ ಬೆರಳಿದ್ದ ಜಾಗದಲ್ಲಿ ಅವಳ ಹೆಬ್ಬೆರಳನ್ನು ಇಟ್ಟರು. ಮೇಲೆ ತಮ್ಮ ಅಂಗೈ ಮುಚ್ಚಿ ಒತ್ತಿದರು. ಬ್ರೆಡ್ಡಿನವನು, "ಈ ಕೈ ತಣ್ಣಗಿದೆ," ಎಂದು ಕಾಲು ಸ್ವಲ್ಪ ಎಳೆದುಕೊಂಡು, ಮತ್ತೆ ಚಾಚಿದ.

"ಮೇಲಿಂದ ಮಾಂಸ ಇದೆ ಅನ್ಸುತ್ತೆ. ಅವಸರ ಮಾಡ್ಬೇಡ. ಸ್ವಲ್ಪ ಒಳಗೆ ಹೋಗು," ಎಂದರು ಅತ್ತೆ. "ಅಲ್ಲಲ್ಲ, ಹಿಂದಕ್ಕೆ. ಹಾಂ. ಈಗ ನಿಲ್ಲು."

ಸೊಸೆ ಕಣ್ಣು ಮುಚ್ಚಿದಳು. ಮೊದಲು ಬರೀ ಬಿಸಿ ಚರ್ಮ. ಆಮೇಲೆ ಅದರಡಿಯಲ್ಲಿ, ನಿಧಾನವಾಗಿ, ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಹೆಬ್ಬೆರಳಿಗೆ ಎದುರಾಯಿತು. ಪಕ್ಕದ ಕೋಣೆಯಲ್ಲಿ ಯಂತ್ರ ತಿರುಗಲು ಶುರುವಾಯಿತು.

"ಸಿಕ್ತಾ?"

"ಸಿಕ್ತು."

ಅತ್ತೆ ತಮ್ಮ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಸೊಸೆಯ ಹೆಬ್ಬೆರಳು ಇದ್ದಲ್ಲೇ ಇತ್ತು.